ಸಕ್ಕರೆ ಸೀಮೆಯ ಕಣ್ಣುಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನ ಕಣ್ಣು ತೋರಿಸಲು ದವಾಖಾನೆಗೆ ಬರುವುದು ಬೇರೆಲ್ಲ ಕೆಲಸ ಮುಗಿದ ಮೇಲೆ. ಕಬ್ಬು ಕಾರ್ಖಾನೆ ಸೇರಬೇಕು, ಬಿಲ್ಲು ಕೈಗೆ ಬರಬೇಕು, ಮಗಳ ಬಾಣಂತನ ಮುಗಿಯಬೇಕು, ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರಬೇಕು, ಆಮೇಲೆ ಕಣ್ಣು. ಇದನ್ನು ಅಜ್ಞಾನವೆಂದು ಬೈಯುವುದು ಸುಲಭ. ಆದರೆ ಹೀಗೆ ಕಾಯುವುದನ್ನು ಜನರಿಗೆ ಕಲಿಸಿದ್ದು ವೈದ್ಯಶಾಸ್ತ್ರವೇ. ‘ಮೋತಿಬಿಂದು ಇನ್ನೂ ಹಣ್ಣಾಗಿಲ್ಲ ಅಜ್ಜಾ, ಆರು ತಿಂಗಳು ಬಿಟ್ಟು ಬಾ’ ಎಂದು ಎರಡು ತಲೆಮಾರಿಗೆ ಹೇಳಿ ಕಳಿಸಲಾಗಿದೆ. ಅಂದಿನ ಶಸ್ತ್ರಚಿಕಿತ್ಸೆಗೆ ಆ ಮಾತು ಸರಿಯಾಗಿಯೂ ಇತ್ತು. ಕಾಯ್ದವರು ಬಹುಪಾಲು ಏನನ್ನೂ ಕಳೆದುಕೊಳ್ಳಲಿಲ್ಲ. ಎರಡು ವರ್ಷ ಕತ್ತಲಲ್ಲಿ ಕುಳಿತ ಅಜ್ಜಿ ಶಿಬಿರಕ್ಕೆ ಹೋಗಿ ಬಂದು ಮರುವಾರ ಅಕ್ಕಿ ಆರಿಸುತ್ತ ಕುಳಿತಳು.

ಈ ಯಶಸ್ಸು ಸಣ್ಣದಲ್ಲ. ಪಕ್ಕದ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ, ಶಾಲೆ, ಧರ್ಮಶಾಲೆಗಳನ್ನೇ ಆಸ್ಪತ್ರೆ ಮಾಡಿಕೊಂಡು ಮೋತಿಬಿಂದಿನ ಪೊರೆ ತೆಗೆದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕ ಸೇರಿತು. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. 2001ರ ಸುಮಾರಿಗೆ ದೇಶದಲ್ಲಿ ಕುರುಡರ ಪ್ರಮಾಣ ನೂರಕ್ಕೆ 1.1 ಇತ್ತು, 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅದು 0.36ಕ್ಕೆ ಇಳಿದಿತ್ತು. ಐವತ್ತು ದಾಟಿದವರಲ್ಲಿ ಉಳಿದಿರುವ ಕುರುಡುತನದ ಮೂರನೇ ಎರಡು ಪಾಲು ಇಂದಿಗೂ ಪೊರೆಯದೇ. ಹಾಗಾಗಿ ಶಿಬಿರಗಳು ಬೇಡವೆಂದು ಯಾರೂ ಹೇಳಬಾರದು.

ಆದರೆ ಈ ಸೀಮೆಯ ಮನೆಗಳಲ್ಲಿ ಈಗ ಬೆಳೆಯುತ್ತಿರುವ ಕುರುಡುತನ ಪೊರೆಯ ಜಾತಿಯದಲ್ಲ. ಅದು ಹಣ್ಣಾಗುವುದಿಲ್ಲ, ಶಿಬಿರಕ್ಕೆ ಕಾಯುವುದಿಲ್ಲ, ಒಮ್ಮೆ ಕೊಂಡೊಯ್ದ ದೃಷ್ಟಿಯನ್ನು ತಿರುಗಿ ಕೊಡುವುದಿಲ್ಲ. ಅದರಲ್ಲಿ ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ನಾವೇ ಬೆಳೆಯುವ ಬೆಳೆಯ ಹೆಸರಿನದು: ಸಕ್ಕರೆ ಬ್ಯಾನಿ.

ಘಟಪ್ರಭೆಗೆ ಅಡ್ಡಲಾಗಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಕಟ್ಟಿದ ಜಲಾಶಯ 1977ರಲ್ಲಿ ಪೂರ್ಣಗೊಂಡಿತು. 51 ಟಿಎಂಸಿ ನೀರು ನಿಲ್ಲುವ ಆ ಕಟ್ಟೆ ಈ ಭಾಗದ ಹೊಲವನ್ನಷ್ಟೇ ಅಲ್ಲ, ಮೈಯನ್ನೂ ಬದಲಿಸಿತು. ಜೋಳ, ಶೇಂಗಾ, ಕಡಲೆ ಇದ್ದಲ್ಲಿ ಕಬ್ಬು ನಿಂತಿತು. ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂರಬಹುದು. ಜೋಳದ ಹೊಲದಲ್ಲಿ ಹಾಗೆ ಕೂರಲು ಬರುತ್ತಿರಲಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಸೈಕಲ್ ಹೋಗಿ ಬೈಕ್ ಬಂತು. ಯಾರಿಗೂ ಹಳೆಯ ಬಡತನ ಬೇಕಾಗಿಲ್ಲ, ನನಗೂ ಬೇಡ. ಆದರೆ ದೇಹ ಈ ಬದಲಾವಣೆಗೆ ತೆತ್ತ ಸುಂಕದ ಲೆಕ್ಕ ಈಗ ಬರತೊಡಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2008ರಿಂದ 2020ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ ಒಂದು ಲಕ್ಷ ಹದಿಮೂರು ಸಾವಿರ ಜನರನ್ನು ಪರೀಕ್ಷಿಸಿತು. 2023ರಲ್ಲಿ ಹೊರಬಂದ ಅದರ ಫಲಿತಾಂಶದಂತೆ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆ, ಪಟ್ಟಣಗಳಲ್ಲಿ 16.4, ಹಳ್ಳಿಗಳಲ್ಲಿ 8.9. ಇದನ್ನು ಓದಿ ಹಳ್ಳಿಯವರು ಸಮಾಧಾನಪಡುವ ಮೊದಲು ಅದರ ಕೆಳಗಿನ ಸಾಲನ್ನೂ ಓದಬೇಕು. ಮಧುಮೇಹದ ಹೊಸ್ತಿಲಲ್ಲಿ ನಿಂತವರ ಪ್ರಮಾಣ ಪಟ್ಟಣದಲ್ಲಿ 15.4, ಹಳ್ಳಿಯಲ್ಲಿ 15.2. ಅಂದರೆ ಹೊಸ್ತಿಲ ಮೇಲೆ ಹಳ್ಳಿ, ಪಟ್ಟಣ ಎರಡೂ ಒಂದೇ ಆಗಿವೆ. ಹೊಸ್ತಿಲ ಮೇಲೆ ನಿಂತವರೆಲ್ಲ ಒಳಗೆ ಬರುವುದಿಲ್ಲ ನಿಜ. ಆದರೂ ಮುಂದಿನ ಹತ್ತು ವರ್ಷಗಳಲ್ಲಿ ಹಳ್ಳಿಯ ಅಂಕಿ ಯಾವ ಕಡೆ ಸರಿಯುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ.

ಇದನ್ನು ನಮ್ಮ ಮೂರು ತಾಲ್ಲೂಕುಗಳಿಗೆ ಹಚ್ಚಿ ನೋಡೋಣ. ಮೂಡಲಗಿ ಇನ್ನೂ ಗೋಕಾಕದಿಂದ ಬೇರೆಯಾಗದ ಕಾಲದ 2011ರ ಜನಗಣತಿಯಲ್ಲಿ ಗೋಕಾಕ, ಹುಕ್ಕೇರಿ ಸೇರಿ ಸುಮಾರು ಹತ್ತು ಲಕ್ಷ ಜನ. ಅದರಲ್ಲಿ ಇಪ್ಪತ್ತು ದಾಟಿದವರು ಆರು ಲಕ್ಷವೆಂದು ಹಿಡಿದರೂ, ಹಳ್ಳಿಯ ಪ್ರಮಾಣದಲ್ಲೇ ಐವತ್ತು ಸಾವಿರಕ್ಕೂ ಹೆಚ್ಚು ಮಧುಮೇಹಿಗಳಾಗುತ್ತಾರೆ. ಹೊಸ್ತಿಲಲ್ಲಿರುವವರು ತೊಂಬತ್ತು ಸಾವಿರ. ಸ್ಮಾರ್ಟ್ ಇಂಡಿಯಾ ಎಂಬ ಇನ್ನೊಂದು ಅಧ್ಯಯನ 2022ರಲ್ಲಿ ಹೇಳಿದ್ದು, ನಲವತ್ತು ದಾಟಿದ ಮಧುಮೇಹಿಗಳಲ್ಲಿ ನೂರಕ್ಕೆ 12.5 ಮಂದಿಗೆ ಅಕ್ಷಿಪಟಲ ಕೆಡಲು ಶುರುವಾಗಿದೆ, ನಾಲ್ವರಿಗೆ ದೃಷ್ಟಿಯೇ ಹೋಗುವ ಹಂತ ತಲುಪಿದೆ ಎಂದು. ಗುಣಿಸಿದರೆ ನಮ್ಮಲ್ಲಿ ಆರು ಸಾವಿರದಷ್ಟು ಜನರ ಕಣ್ಣಿನ ಹಿಂಪರದೆಯಲ್ಲಿ ಹಾನಿ, ಅವರಲ್ಲಿ ಸುಮಾರು ಎರಡು ಸಾವಿರ ಜನ ಅಪಾಯದ ಅಂಚಿನಲ್ಲಿ. ಇದು ಇಲ್ಲಿ ಮನೆಮನೆಗೆ ಹೋಗಿ ಎಣಿಸಿದ ಲೆಕ್ಕವಲ್ಲ, ದೇಶದ ಸರಾಸರಿಯನ್ನು ನಮ್ಮ ಮೇಲೆ ಹೊರಿಸಿದ ಗುಣಾಕಾರ. ಜನಸಂಖ್ಯೆ 2011ರಲ್ಲೇ ನಿಂತಿಲ್ಲವಾದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ ಇರಲಾರದು ಎಂದೇ ನನ್ನ ಅನಿಸಿಕೆ.

ಈ ಎರಡು ಸಾವಿರ ಜನ ಎಲ್ಲಿದ್ದಾರೆ? ಸಂತೆಯಲ್ಲಿದ್ದಾರೆ, ಬೈಕ್ ಓಡಿಸುತ್ತಿದ್ದಾರೆ, ಮೊಬೈಲ್‌ನಲ್ಲಿ ಕಬ್ಬಿನ ದರ ಓದುತ್ತಿದ್ದಾರೆ. ಈ ರೋಗದ ಕಪಟವೇ ಅದು. ಅಕ್ಷಿಪಟಲ ಎಂದರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡ ಕಾಗದಕ್ಕಿಂತ ಸ್ವಲ್ಪ ದಪ್ಪನೆಯ ನರಪದರ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಆ ಪದರದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಗೋಡೆ ಸಡಿಲಾಗುತ್ತದೆ. ಮೊದಲು ಅಲ್ಲಲ್ಲಿ ಸಾಸಿವೆ ಚುಕ್ಕೆಯಂತೆ ಉಬ್ಬು, ಆಮೇಲೆ ಸಣ್ಣ ರಕ್ತದ ಕಲೆ, ಜಿಡ್ಡಿನ ಹಳದಿ ಕಲೆ. ಕೆಲವು ನಾಳ ಮುಚ್ಚಿಹೋಗಿ ಆಮ್ಲಜನಕ ಸಿಗದ ಜಾಗ ‘ನನಗೆ ರಕ್ತ ಬೇಕು’ ಎಂದು ರಾಸಾಯನಿಕ ಸಂಕೇತ ಕಳಿಸುತ್ತದೆ. ಅದಕ್ಕೆ ಓಗೊಟ್ಟು ಹೊಸ ನಾಳಗಳು ಹುಟ್ಟುತ್ತವೆ. ಈ ಹೊಸ ನಾಳಗಳಿಗೆ ಬಲವಿಲ್ಲ. ಒಂದು ದಿನ ಕೆಮ್ಮಿದಾಗಲೋ ಚೀಲ ಎತ್ತಿದಾಗಲೋ ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ. ಅಲ್ಲಿಯವರೆಗೂ ನೋಟದ ನಡುಬಿಂದುವಿಗೆ ಏಟು ಬಿದ್ದಿರದಿದ್ದರೆ ಮನುಷ್ಯ ಗೋಡೆಯ ಮೇಲಿನ ಕೊನೆಯ ಸಾಲನ್ನೂ ಸರಾಗ ಓದುತ್ತಾನೆ. ‘ಕಣ್ಣ ಛಲೋ ಅದಾವ್ರಿ, ಬರೇ ಶುಗರ್ ಐತ್ರಿ’ ಎನ್ನುತ್ತಾನೆ. ಆ ಮಾತು ಅವನ ಮಟ್ಟಿಗೆ ನಿಜವೇ.

ಇದನ್ನು ಮೊದಲೇ ಹಿಡಿಯಲು ಇರುವುದು ಎರಡೇ ದಾರಿ: ಹನಿ ಹಾಕಿ ಕಣ್ಣಿನ ಪಾಪೆ ಅಗಲ ಮಾಡಿ ಒಳಗೆ ಇಣುಕುವುದು, ಅಥವಾ ಕ್ಯಾಮೆರಾದಿಂದ ಹಿಂಪರದೆಯ ಚಿತ್ರ ತೆಗೆಯುವುದು. ನೋವಿಲ್ಲ, ರಕ್ತವಿಲ್ಲ. ಹನಿ ಹಿಡಿಯಲು ಅರ್ಧ ಗಂಟೆ, ಆಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಅಡ್ಡಿ ಇರುವುದು ಇಲ್ಲಿಯೇ. ‘ಬೈಕ್ ಮ್ಯಾಲೆ ಬಂದೀನ್ರಿ ಸರ್, ಹನಿ ಹಾಕಬ್ಯಾಡ್ರಿ, ಚಸ್ಮಾ ನಂಬರ್ ಅಷ್ಟ ಬರದು ಕೊಡ್ರಿ.’ ಮುಂದಿನ ಸಲ ಮಗನನ್ನು ಕರೆದುಕೊಂಡು ಬರುತ್ತೇನೆಂದು ಹೋಗುತ್ತಾರೆ. ಆ ಮುಂದಿನ ಸಲ ಬರುವುದು ಒಂದು ಕಣ್ಣಿನಲ್ಲಿ ಜೇಡರ ಬಲೆ ಕಟ್ಟಿದ ಹಾಗೆ ಕಂಡಾಗ. ರಾಷ್ಟ್ರೀಯ ಸಮೀಕ್ಷೆಯಲ್ಲಿ ಹತ್ತು ಮಧುಮೇಹಿಗಳಲ್ಲಿ ಸುಮಾರು ಒಂಬತ್ತು ಮಂದಿ ಒಮ್ಮೆಯೂ ಈ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಮೂಡಲಗಿಯ ಜಾನುವಾರು ಪೇಟೆಯಲ್ಲಿ ಎಮ್ಮೆ ಕೊಳ್ಳುವ ರೈತ ಹಲ್ಲು ಬಿಡಿಸಿ ನೋಡುತ್ತಾನೆ, ಕೆಚ್ಚಲು ಹಿಡಿದು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹೊರಗಿನ ಮೈಮಾಟ ನೋಡಿ ರೊಕ್ಕ ಬಿಚ್ಚುವುದಿಲ್ಲ. ತನ್ನ ಕಣ್ಣನ್ನು ಮಾತ್ರ ಮೈಮಾಟ ನೋಡಿಯೇ ನಂಬಿಬಿಡುತ್ತಾನೆ.

ಒಂದು ಸುಳಿವು ಮಾತ್ರ ಹೊರಗೆ ಕಾಣುತ್ತದೆ, ಅದನ್ನು ಮನೆಯವರು ಗಮನಿಸಬಹುದು. ಚಸ್ಮಾದ ನಂಬರು ತಿಂಗಳಿಗೊಮ್ಮೆ ಏರಿಳಿಯುತ್ತಿದ್ದರೆ ಅದು ಅಂಗಡಿಯವನ ತಪ್ಪೇ ಆಗಿರಬೇಕಿಲ್ಲ. ರಕ್ತದ ಸಕ್ಕರೆ ಏರಿಳಿದಂತೆ ಕಣ್ಣಿನ ಮಸೂರ ನೀರು ಹೀರಿ ಉಬ್ಬುತ್ತದೆ, ಇಳಿಯುತ್ತದೆ. ಚಾಳೀಸು ಹಾಕುತ್ತಿದ್ದ ಅಪ್ಪ ಒಂದು ದಿನ ಚಸ್ಮಾ ಇಲ್ಲದೆ ಪೇಪರ್ ಓದತೊಡಗಿದರೆ ಮನೆಮಂದಿ ಖುಷಿಪಡುತ್ತಾರೆ. ಖುಷಿಪಡುವ ಮೊದಲು ಶುಗರ್ ನೋಡಿಸಿ. ಒಮ್ಮೊಮ್ಮೆ ಅದು ಪೊರೆ ಗಟ್ಟಿಯಾಗುವ ಲಕ್ಷಣ, ಒಮ್ಮೊಮ್ಮೆ ಸಕ್ಕರೆಯ ಮೊದಲ ಚೀಟಿ.

ಇನ್ನು ಊಟದ ಮಾತು. ‘ಕಣ್ಣಿಗೆ ಏನ್ ತಿನ್ನಬೇಕ್ರಿ?’ ಎಂದು ಕೇಳದ ಮನೆಯಿಲ್ಲ. ಗಜ್ಜರಿ ತಿಂದರೆ ಚಸ್ಮಾ ಹೋಗುತ್ತದೆಯೇ ಎಂಬುದು ಅದರ ಬೆನ್ನಿಗೇ ಬರುವ ಪ್ರಶ್ನೆ. ಹೋಗುವುದಿಲ್ಲ. ಗಜ್ಜರಿ, ನುಗ್ಗೆ ಸೊಪ್ಪು, ಮೆಂತ್ಯೆ, ರಾಜಗಿರಿ, ಹಕ್ಕರಿಕೆ ಇವುಗಳಲ್ಲಿ ಇರುವ ಕ್ಯಾರೋಟಿನ್ ದೇಹದಲ್ಲಿ ಎ ಜೀವಸತ್ವವಾಗಿ, ಮಬ್ಬು ಬೆಳಕಿನಲ್ಲಿ ನೋಡುವ ಶಕ್ತಿ ಉಳಿಸುತ್ತದೆ; ಒಂದು ಚಮಚ ಎಣ್ಣೆಯ ಒಗ್ಗರಣೆ ಇದ್ದರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಒಂದು ಕಾಲಕ್ಕೆ ರಾತ್ರಿಗುರುಡು ಮಕ್ಕಳ ದೊಡ್ಡ ಶತ್ರುವಾಗಿತ್ತು. 1970ರಿಂದ ನಡೆದ ಎ ಜೀವಸತ್ವದ ಕಾರ್ಯಕ್ರಮ, ದಡಾರ ಲಸಿಕೆ, ಸುಧಾರಿಸಿದ ಊಟ ಸೇರಿ ಅದನ್ನು ಹಿಂದಕ್ಕೆ ತಳ್ಳಿವೆ. ಸೊಪ್ಪು ತಿನ್ನಿ, ಖಂಡಿತ ತಿನ್ನಿ. ಆದರೆ ಇಂದು ಈ ಭಾಗದ ಕಣ್ಣು ಕೆಡುತ್ತಿರುವುದು ತಿನ್ನದೆ ಬಿಟ್ಟದ್ದರಿಂದಲ್ಲ, ತಿನ್ನುತ್ತಿರುವುದರಿಂದ.

ಚಹಾದಿಂದಲೇ ಶುರು ಮಾಡಿ. ಮನೆಗೆ ಬಂದವರಿಗೆ ಚಾ, ಹೊಲದಲ್ಲಿ ಚಾ, ಪಂಚಾಯತಿ ಕಟ್ಟೆಯಲ್ಲಿ ಚಾ. ಸಕ್ಕರೆ ಕಾರ್ಖಾನೆಯ ಷೇರುದಾರರ ಮನೆಯಲ್ಲಿ ಸಕ್ಕರೆಗೆ ಕೈ ಬಿಗಿ ಹಿಡಿಯುವವರು ಯಾರು? ಕಪ್ಪಿಗೆ ಎರಡು ಚಮಚ, ಚಮಚಕ್ಕೆ ಐದು ಗ್ರಾಂ. ದಿನಕ್ಕೆ ಆರು ಕಪ್ ಆದರೆ 60 ಗ್ರಾಂ. ದೊಡ್ಡವರು ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಇಡಬೇಕು ಎಂಬುದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ. ಬರೀ ಚಹಾದಲ್ಲೇ ಗೆರೆ ದಾಟಿತು. ಜಾತ್ರೆಯ ಜಿಲೇಬಿ, ಬೆಳಗಾವಿಯ ಕುಂದಾ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇದನ್ನು ಹೇಳಿದ ತಕ್ಷಣ ಬರುವ ಉತ್ತರ, ‘ಸಕ್ಕರಿ ಬಿಟ್ಟೇನ್ರಿ, ಬೆಲ್ಲದ ಚಾ ಕುಡಿತೇನಿ.’ ಮಹಾಲಿಂಗಪುರದ ಬೆಲ್ಲದ ಪೇಟೆ ಪಕ್ಕದಲ್ಲೇ ಇರುವ ನಾಡಿನಲ್ಲಿ ಬೆಲ್ಲದ ಮೇಲೆ ಈ ಭಕ್ತಿ ಸಹಜ. ಬೆಲ್ಲದಲ್ಲಿ ಕಬ್ಬಿಣದ ಅಂಶ, ಒಂದಿಷ್ಟು ಖನಿಜ ಇವೆ, ರುಚಿಯಂತೂ ಇದೆ. ಆದರೆ ಅದರ ಬಹುಭಾಗ ಅದೇ ಸುಕ್ರೋಸ್. ಒಂದೇ ಕಬ್ಬಿನ ಹಾಲು ಕಾರ್ಖಾನೆಗೆ ಹೋದರೆ ಸಕ್ಕರೆ, ಗಾಣಕ್ಕೆ ಹೋದರೆ ಬೆಲ್ಲ. ಮಧುಮೇಹಿಯ ರಕ್ತ ಇವೆರಡರ ನಡುವೆ ಭೇದ ಮಾಡುವುದಿಲ್ಲ. ಗೋಕಾಕದ ಕರದಂಟಿಗೂ ಇದೇ ಮಾತು. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಸತ್ವದ ಪದಾರ್ಥಗಳೇ. ಬಾಣಂತಿಗೆ, ಗದ್ದೆ ಕೆಲಸದವರಿಗೆ ಹೇಳಿ ಮಾಡಿಸಿದ ತಿಂಡಿ. ಅವನ್ನೆಲ್ಲ ಹಿಡಿದಿಟ್ಟಿರುವುದು ಬೆಲ್ಲದ ಪಾಕ. ಶುಗರ್ ಇರುವವರು ಊರಿನ ಅಭಿಮಾನಕ್ಕಾಗಿ ಪೆಟ್ಟಿಗೆ ತೆರೆಯಲಿ, ತಾವು ಚೂರು ಮುರಿದುಕೊಂಡು ಉಳಿದದ್ದನ್ನು ಹಂಚಲಿ.

ಅನ್ನದ ಕಥೆ ಬೇರೆ. ಈ ಭಾಗದ ಹಳೆಯ ತಾಟಿನಲ್ಲಿ ಕಟಕಟ ರೊಟ್ಟಿ, ಹೆಸರುಕಾಳಿನ ಪಲ್ಲೆ, ಹಸಿ ಸೊಪ್ಪು, ಉಳ್ಳಾಗಡ್ಡಿ, ಶೇಂಗಾ ಹಿಂಡಿ ಅಥವಾ ಗುರೆಳ್ಳು ಹಿಂಡಿ, ಮೊಸರು ಇರುತ್ತಿದ್ದವು. ಅನ್ನ ಕೊನೆಗೆ ಒಂದು ತುತ್ತು. ಈಗ ರೊಟ್ಟಿ ಎರಡಕ್ಕೆ ಇಳಿದು ಅನ್ನ ಗುಡ್ಡೆಯಾಗಿದೆ. ರೊಟ್ಟಿ ಬಡಿಯಲು ಸೊಸೆಗೆ ಹೊತ್ತಿಲ್ಲ, ಕುಕ್ಕರ್ ಸೀಟಿ ಹಾಕುವುದು ಸಲೀಸು. ಅದರ ತಪ್ಪನ್ನು ಅವಳ ತಲೆಗೆ ಕಟ್ಟುವ ಗಂಡಸರು ಮೊದಲು ಹಿಟ್ಟು ನಾದಲಿ. ಇಂಡಿಯಾಬ್ ತಂಡ 2025ರಲ್ಲಿ ಪ್ರಕಟಿಸಿದ ಆಹಾರದ ಅಧ್ಯಯನದಂತೆ ಭಾರತೀಯರ ಕ್ಯಾಲೊರಿಯಲ್ಲಿ ನೂರಕ್ಕೆ 62 ಭಾಗ ಶರ್ಕರಪಿಷ್ಟದಿಂದಲೇ (ಕಾರ್ಬೋಹೈಡ್ರೇಟ್) ಬರುತ್ತಿದೆ, ಅದರಲ್ಲೂ ಪಾಲಿಶ್ ಅಕ್ಕಿ, ಹಿಟ್ಟು, ಸಕ್ಕರೆಯಿಂದ. ಸ್ವಲ್ಪ ಶರ್ಕರಪಿಷ್ಟ ತೆಗೆದು ಆ ಜಾಗಕ್ಕೆ ಕಾಳು, ಮೊಸರು, ಮೊಟ್ಟೆ ಬಂದರೆ ಅಪಾಯ ಇಳಿಯುತ್ತದೆ. ಅಕ್ಕಿಯ ಬದಲು ಚಪಾತಿ ತಿಂದು ಗೆದ್ದೆವೆಂದುಕೊಳ್ಳುವವರಿಗೆ ಅದೇ ಅಧ್ಯಯನ ತಣ್ಣೀರೆರಚುತ್ತದೆ: ಒಂದು ಧಾನ್ಯಕ್ಕೆ ಇನ್ನೊಂದು ಧಾನ್ಯದ ಹಿಟ್ಟನ್ನು ಅದಲುಬದಲು ಮಾಡಿದ್ದರಿಂದ ಅಪಾಯ ಇಳಿಯಲಿಲ್ಲ.

ಸಕ್ಕರೆ ಹತೋಟಿಯಿಂದ ಕಣ್ಣು ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ಗಟ್ಟಿಯಾಗಿದೆ. ಅಮೆರಿಕ, ಕೆನಡಾಗಳಲ್ಲಿ ಇನ್ಸುಲಿನ್ ಅವಲಂಬಿತ ಮಧುಮೇಹಿಗಳ ಮೇಲೆ ನಡೆದು 1993ರಲ್ಲಿ ಮುಗಿದ ದೊಡ್ಡ ಪ್ರಯೋಗದಲ್ಲಿ ಬಿಗಿ ಹತೋಟಿ ಇಟ್ಟವರಿಗೆ ಅಕ್ಷಿಪಟಲದ ರೋಗ ಬರುವ ಸಾಧ್ಯತೆ ನೂರಕ್ಕೆ 76ರಷ್ಟು ಇಳಿಯಿತು. ಬ್ರಿಟನ್ನಿನಲ್ಲಿ 1998ರ ಅಧ್ಯಯನ ನಮ್ಮಲ್ಲಿ ಸಾಮಾನ್ಯವಾದ ಎರಡನೇ ಬಗೆಯ ಮಧುಮೇಹದ್ದು. ಅಲ್ಲಿ ಬಿಪಿಯನ್ನು ಬಿಗಿಯಾಗಿ ಹಿಡಿದವರಲ್ಲಿ ದೃಷ್ಟಿ ಕುಸಿಯುವುದು ನೂರಕ್ಕೆ 47ರಷ್ಟು ಕಡಿಮೆಯಾಯಿತು. ಈ ಎರಡನೆಯ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ ಬಿಡದವರು ಬಿಪಿಯ ಗುಳಿಗೆಯನ್ನು ಮಾತ್ರ ‘ತಲಿ ನೋವ ಇಲ್ಲಲ್ರಿ’ ಎಂದು ಬಿಟ್ಟಿರುತ್ತಾರೆ.

ಕಾಯಲಾಗದ ಇನ್ನೊಂದು ಅಪಾಯ ಬರುವುದು ಕಬ್ಬಿನ ಗರಿಯಿಂದಲೇ. ನುರಿಸುವ ಹಂಗಾಮಿನಲ್ಲಿ ಕಡಿಯುವ ಗ್ಯಾಂಗುಗಳು ಬರುತ್ತವೆ, ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಂಥ ಕಡೆ ಚಕ್ಕಡಿ, ಟ್ರ್ಯಾಕ್ಟರ್‌ಗಳ ಸಾಲು ನಿಲ್ಲುತ್ತದೆ. ಕಬ್ಬಿನ ಎಲೆಯ ಅಂಚು ಗರಗಸ. ರವದಿ (ಒಣ ಗರಿ) ಸುಲಿಯುವಾಗ ಅದು ಕಣ್ಣಿಗೆ ಬಡಿದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ, ಕಾರ್ನಿಯಾ, ಗೀರುತ್ತದೆ. ಆ ಎಲೆಯ ಮೇಲೆ, ಮಣ್ಣಿನಲ್ಲಿ ಶಿಲೀಂಧ್ರದ ಬೀಜಕಣಗಳಿರುತ್ತವೆ. ಮೊದಲ ದಿನ ಬರೀ ನೀರು, ಕಿಸುರು. ಕಿತ್ತಳೆ ಬಣ್ಣ ಹಚ್ಚಿದ ಕಾಗದದ ಪಟ್ಟಿ ತಾಗಿಸಿ ನೀಲಿ ಬೆಳಕು ಬಿಟ್ಟರೆ ಗೀರು ಹಸಿರಾಗಿ ಹೊಳೆಯುತ್ತದೆ. ಅಂದೇ ಔಷಧ ಶುರುವಾದರೆ ಬಹುಪಾಲು ಮಾಯುತ್ತದೆ. ನಾಲ್ಕೈದು ದಿನ ಬಿಟ್ಟು ಬಂದರೆ ಅದೇ ಜಾಗದಲ್ಲಿ ಬೂದು ಬಣ್ಣದ ಒಣ ಹುಣ್ಣು, ಅಂಚು ಹಕ್ಕಿಯ ಪುಕ್ಕದಂತೆ ಕೆದರಿರುತ್ತದೆ. ಆಮೇಲೆ ನ್ಯಾಟಮೈಸಿನ್ ಹನಿ, ಗಂಟೆಗೊಂದು ಸಲ, ವಾರಗಟ್ಟಲೆ. ವಾಸಿಯಾದರೂ ಬಿಳಿ ಕಲೆ ಉಳಿಯುತ್ತದೆ.

ಆ ನಾಲ್ಕೈದು ದಿನ ಎಲ್ಲಿ ಹೋದವು? ಮೊದಲ ದಿನ ಎದೆಹಾಲು ಹಿಂಡಿಸಿದರು. ಎರಡನೆಯ ದಿನ ಹರಳೆಣ್ಣೆ. ಊರಲ್ಲಿ ನಾಲಿಗೆಯಿಂದ ಕಸ ತೆಗೆಯುವವರು ಒಬ್ಬರಿದ್ದರು. ಮೂರನೆಯ ದಿನ ಔಷಧ ಅಂಗಡಿಯಿಂದ ‘ಕೆಂಪು ಹೋಗೋ ಹನಿ’. ಎಲ್ಲಕ್ಕಿಂತ ದುಬಾರಿ ಈ ಮೂರನೆಯ ದಿನ. ಕೆಂಪನ್ನು ಬೇಗ ಇಳಿಸುವ ಹನಿಗಳಲ್ಲಿ ಹಲವು ಸ್ಟೀರಾಯ್ಡ್; ಅವು ದೇಹದ ಕಾವಲನ್ನು ಮಲಗಿಸಿ ಶಿಲೀಂಧ್ರಕ್ಕೆ ಬಾಗಿಲು ತೆರೆಯುತ್ತವೆ. ದೇಶದಲ್ಲಿ ಐವತ್ತರ ಒಳಗಿನವರ ಕುರುಡುತನಕ್ಕೆ ಮೊದಲ ಕಾರಣ ಕಾರ್ನಿಯಾದ ಹಾನಿಯೇ, ನೂರಕ್ಕೆ 37.5.

ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರ ಕೈಗೆ ಕ್ಲೋರಂಫೆನಿಕಾಲ್ ಮುಲಾಮು ಕೊಟ್ಟು ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಗೀರು ಬಿದ್ದ 442 ಪ್ರಕರಣಗಳಲ್ಲಿ ನೂರಕ್ಕೆ 96 ಹುಣ್ಣಾಗದೆ ಮಾಯ್ದವು. 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಮುಂದೆ ನೇಪಾಳದಲ್ಲೇ ನಡೆದ ಇನ್ನೂ ದೊಡ್ಡ ಪ್ರಯೋಗ ಇಡೀ ಸಮುದಾಯದ ಮಟ್ಟದಲ್ಲಿ ಅದೇ ಫಲ ತೋರಿಸಲಿಲ್ಲ ಎಂಬುದನ್ನೂ ಹೇಳಬೇಕು. ಆದ್ದರಿಂದ ಮುಲಾಮಿನ ಟ್ಯೂಬು ಹಂಚಿ ಕೈತೊಳೆದುಕೊಳ್ಳುವಂತಿಲ್ಲ. ಗೀರು ಬಿದ್ದ ದಿನವೇ ಒಬ್ಬ ತಿಳಿದವರು ಕಣ್ಣು ನೋಡುವಂತಾಗಬೇಕು. ಕಡಿಯುವವರಿಗೆ ಕನ್ನಡಕ ಕೊಡಿ ಎಂಬ ಸಲಹೆಯೂ ಹಳೆಯದು. ಬೆವರಿಗೆ ಪ್ಲಾಸ್ಟಿಕ್ ಕನ್ನಡಕ ಮಂಜಾಗುತ್ತದೆ, ಟನ್ ಲೆಕ್ಕದಲ್ಲಿ ಕೂಲಿ ಎಣಿಸುವವರು ಅದನ್ನು ತೆಗೆದು ಹಣೆಗೆ ಏರಿಸುತ್ತಾರೆ. ಗಾಳಿಯಾಡುವ ಕನ್ನಡಕ ಹುಡುಕಿ ಕೊಡುವುದು, ಉಚಲ್ (ಮುಂಗಡ) ಕೊಟ್ಟು ಗ್ಯಾಂಗ್ ತರುವವರ ಹಾಗೂ ಕಾರ್ಖಾನೆಗಳ ಹೊಣೆ ಎಂದು ನನ್ನ ಅಭಿಪ್ರಾಯ.

ಅದೇ ಸ್ಟೀರಾಯ್ಡ್ ಹನಿ ಮಕ್ಕಳ ಕೈಗೂ ಬರುತ್ತದೆ. ಬೇಸಿಗೆ ಧೂಳಿಗೆ ಕಣ್ಣು ತುರಿಸಿಕೊಳ್ಳುವ ಮಗುವಿಗೆ ಒಮ್ಮೆ ಬರೆದ ಚೀಟಿಯನ್ನೇ ಅಂಗಡಿಗೆ ಒಯ್ದು ವರ್ಷವಿಡೀ ಹಾಕುತ್ತಾರೆ. ತುರಿಕೆ ನಿಲ್ಲುತ್ತದೆ, ಒಳಗೆ ಕಣ್ಣಿನ ಒತ್ತಡ ಏರುತ್ತದೆ, ಕಾಚಬಿಂದು (ಗ್ಲಾಕೋಮಾ) ಕಣ್ಣಿನ ನರವನ್ನು ತಿನ್ನುತ್ತದೆ. ದೊಡ್ಡವರ ಕಾಚಬಿಂದು ರಕ್ತಸಂಬಂಧದಲ್ಲಿ ಹರಿಯುತ್ತದೆ. ಅಣ್ಣನಿಗೆ ಇದ್ದರೆ ತಮ್ಮ, ತಂಗಿ ನಲವತ್ತಕ್ಕೇ ಒತ್ತಡ ನೋಡಿಸಿಕೊಳ್ಳಬೇಕು. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಈ ರೋಗ ಇದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ತಮಗೆ ಅದು ಇರುವುದೇ ತಿಳಿದಿರಲಿಲ್ಲ.

ಮಕ್ಕಳ ವಿಷಯದಲ್ಲಿ ಕಾಯುವ ಚಟ ಇನ್ನೂ ಕ್ರೂರ. ಒಂದು ಕಣ್ಣಿಗೆ ನಂಬರು ಹೆಚ್ಚಿದ್ದರೆ ಮಿದುಳು ಆ ಕಣ್ಣಿನ ಮಬ್ಬು ಚಿತ್ರವನ್ನು ಬದಿಗಿಟ್ಟು ಒಳ್ಳೆಯ ಕಣ್ಣಿನಿಂದಲೇ ಕೆಲಸ ತೆಗೆಯಲು ಕಲಿಯುತ್ತದೆ. ಏಳೆಂಟು ವರ್ಷದೊಳಗೆ ಚಸ್ಮಾ ಹಾಕಿ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಮಂದ ಕಣ್ಣನ್ನು ದುಡಿಸಿದರೆ ಸುಧಾರಿಸುತ್ತದೆ. ಹದಿನೆಂಟಕ್ಕೆ ಪೊಲೀಸ್ ಭರ್ತಿಗೋ ಸೈನ್ಯಕ್ಕೋ ಹೋದಾಗ ಗೊತ್ತಾದರೆ ಬಹುತೇಕ ತಡವಾಗಿರುತ್ತದೆ. ಹುಡುಗಿಯರಿಗೆ ‘ಈಗ ಚಸ್ಮಾ ಬ್ಯಾಡ್ರಿ, ಮುಂದ ಲಗ್ನಕ್ಕ ತ್ರಾಸ ಆಕ್ಕೈತಿ’ ಎಂದು ನಿಲ್ಲಿಸುವ ತಾಯಂದಿರಿದ್ದಾರೆ. ಚಸ್ಮಾ ಹಾಕದ್ದರಿಂದ ನಂಬರು ಮಾಯವಾಗುವುದಿಲ್ಲ, ಶಾಲೆಯ ಹಲಗೆ ಮಾತ್ರ ಮಾಯವಾಗುತ್ತದೆ.

ಸಮೀಪದೃಷ್ಟಿಯೂ ಏರುತ್ತಿದೆ. ಚೀನೀ ಮೂಲದ ಕುಟುಂಬಗಳ ಆರೇಳು ವರ್ಷದ ಮಕ್ಕಳನ್ನು ಸಿಂಗಾಪುರದಲ್ಲೂ ಸಿಡ್ನಿಯಲ್ಲೂ ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಂಗಾಪುರದ ಮಕ್ಕಳಿಗೆ ನೂರಕ್ಕೆ 29, ಸಿಡ್ನಿಯ ಮಕ್ಕಳಿಗೆ ನೂರಕ್ಕೆ 3 ಸಮೀಪದೃಷ್ಟಿ. ಸಿಡ್ನಿಯ ಮಕ್ಕಳು ಓದುತ್ತಿರಲಿಲ್ಲವೆಂದಲ್ಲ, ವಾರಕ್ಕೆ ಸುಮಾರು 14 ಗಂಟೆ ಬಯಲಲ್ಲಿರುತ್ತಿದ್ದರು. ಸಿಂಗಾಪುರದವರು 3 ಗಂಟೆ. ಚೀನಾದ ಗುವಾಂಗ್‌ಝೌನಲ್ಲಿ ಶಾಲೆಯ ವೇಳಾಪಟ್ಟಿಗೆ ದಿನಕ್ಕೆ 40 ನಿಮಿಷ ಬಯಲಿನ ಅವಧಿ ಸೇರಿಸಿದ ಕಡೆ ಮೂರು ವರ್ಷದಲ್ಲಿ ಹೊಸ ಸಮೀಪದೃಷ್ಟಿ ನೂರಕ್ಕೆ 30.4 ಇತ್ತು, ಸೇರಿಸದ ಕಡೆ 39.5. ನವೋದಯ, ಸೈನಿಕ ಶಾಲೆಯ ಪರೀಕ್ಷೆಗೆಂದು ನಾಲ್ಕನೇ ಇಯತ್ತೆಯ ಮಗುವನ್ನು ಬೆಳಗು, ಸಂಜೆ ಕೋಚಿಂಗ್ ಕೋಣೆಯಲ್ಲಿ ಕೂರಿಸಿ, ಉಳಿದ ಹೊತ್ತಿಗೆ ಮೊಬೈಲ್ ಕೊಡುವವರು ನಮ್ಮಲ್ಲೇ ಇದ್ದಾರೆ. ಘಟಪ್ರಭೆಯ ದಂಡೆಯಲ್ಲಿ ಬಯಲಿಗೂ ಬಿಸಿಲಿಗೂ ಬರವಿಲ್ಲ.

ಮತ್ತೆ ಆ ಎರಡು ಸಾವಿರ ಜನರ ಮಾತಿಗೆ ಬರೋಣ, ಏಕೆಂದರೆ ಅಲ್ಲಿ ಮಾಡಬೇಕಾದ್ದೇನೆಂದು ಗೊತ್ತಿದೆ. ಇಂಗ್ಲೆಂಡಿನಲ್ಲಿ 2003ರಿಂದ ಮಧುಮೇಹಿಗಳೆಲ್ಲರ ಹಿಂಪರದೆಯ ಚಿತ್ರ ತೆಗೆಯುವ ವ್ಯವಸ್ಥೆ ಹಂತಹಂತವಾಗಿ ಬಂತು. ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಐದು ದಶಕ ಮೊದಲ ಕಾರಣವಾಗಿದ್ದ ಮಧುಮೇಹ, 2009–10ರ ಲೆಕ್ಕದಲ್ಲಿ ಆ ಸ್ಥಾನದಿಂದ ಇಳಿದಿತ್ತು. ಅದು ಶ್ರೀಮಂತ ದೇಶ ಎನ್ನುವವರಿಗೆ ಕೇರಳ ಇದೆ: 2018ರಲ್ಲಿ ಶುರುವಾದ ನಯನಾಮೃತಂ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳಲ್ಲೇ ಕ್ಯಾಮೆರಾ ಇಟ್ಟರು, ಚಿತ್ರ ತೆಗೆದವರು ತರಬೇತಿ ಪಡೆದ ದಾದಿಯರು. ಚಿತ್ರ ಓದಲು ತಜ್ಞರು ಸಿಗದ ಕಡೆ ಕಂಪ್ಯೂಟರ್ ನೆರವಾಗಬಲ್ಲದು ಎಂಬುದನ್ನು 2016ರ ಗೂಗಲ್ ತಂಡದ ಅಧ್ಯಯನ ತೋರಿಸಿತು. ಅದರ ಚಿತ್ರಗಳಲ್ಲಿ ಅನೇಕವು ಭಾರತದ ಕಣ್ಣಾಸ್ಪತ್ರೆಗಳಿಂದಲೇ ಹೋದವು.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರ ಶುಗರ್, ಬಿಪಿ ನೋಡುವ ವ್ಯವಸ್ಥೆ ಈಗಾಗಲೇ ಇದೆ. ಗುಳಿಗೆ ಒಯ್ಯಲು ಜನ ತಿಂಗಳಿಗೊಮ್ಮೆ ಬಂದೇ ಬರುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಅದೇ ಸಾಲಿನ ಪಕ್ಕದಲ್ಲಿ ಹನಿ ಹಾಕದೆಯೇ ಚಿತ್ರ ತೆಗೆಯುವ ಒಂದೊಂದು ಕ್ಯಾಮೆರಾ ನಿಂತರೆ, ಬೈಕ್ ಮೇಲೆ ಬಂದವರೂ ತಪ್ಪಿಸಿಕೊಳ್ಳಲಾರರು. ಚಿತ್ರದಲ್ಲಿ ಹಾನಿ ಕಂಡವರನ್ನು ಬೆಳಗಾವಿಗೋ ಹುಬ್ಬಳ್ಳಿಗೋ ಲೇಸರ್‌ಗೆ ಕಳಿಸಬೇಕು. ಕಣ್ಣಿಗೆ ಚುಚ್ಚುಮದ್ದು ಬೇಕಾದರೆ ತಿಂಗಳು ತಿಂಗಳು ಹೋಗಬೇಕು, ಎರಡನೆಯ ತಿಂಗಳೇ ಬಿಡುವವರು ಹೆಚ್ಚು. ಕ್ಯಾಮೆರಾ ಬರುವವರೆಗೆ ರೊಕ್ಕ ಬೇಡದ ಕೆಲಸ ಒಂದಿದೆ. ಮಧುಮೇಹಿಗಳ ಗುಳಿಗೆ ಪುಸ್ತಕದಲ್ಲಿ ಉಪವಾಸದ ಸಕ್ಕರೆ, ಊಟದ ನಂತರದ ಸಕ್ಕರೆ, ಬಿಪಿ ಎಂದು ಮೂರು ಖಾನೆಗಳಿರುತ್ತವೆ. ಅದರ ಪಕ್ಕದಲ್ಲಿ ಪೆನ್ನಿನಿಂದ ಇನ್ನೊಂದು ಗೆರೆ ಎಳೆದು ‘ಕಣ್ಣಿನ ಪರದೆ ನೋಡಿದ ತಾರೀಖು’ ಎಂದು ಬರೆಯಿರಿ. ಅಲ್ಲಿ ಒಂದು ವರ್ಷಕ್ಕಿಂತ ಹಳೆಯ ತಾರೀಖು ಇದ್ದರೆ, ಅಥವಾ ಖಾಲಿ ಇದ್ದರೆ, ಕಬ್ಬಿನ ಬಿಲ್ಲು ಬರುವ ಮೊದಲೇ ಹೊರಡಿ, ಬೈಕ್ ಹೊಡೆಯಲು ಮಗನನ್ನೋ ಮಗಳನ್ನೋ ಕರೆದುಕೊಂಡು.